ಮೂರನೇ ಅಂಗಡಿಯ ಸಂಪರ್ಕ

ಮಾರ್ಚ್ 3, ಮಂಗಳವಾರ

ಬೆಳಗ್ಗೆಯಿಂದ ಫೋನೋ ಫೋನು. ಊಟದ ಡಬ್ಬಿ ತೆರೆದಾಗ ಒಂದು, ಮುಚ್ಚಿದಾಗ ಒಂದು. ನಮ್ಮ ಮೂರೂ ಕನ್ನಡಕದ ಅಂಗಡಿಗಳಿಂದ ಒಂದೇ ಪ್ರಶ್ನೆ — ಈ ಗಿರಾಕಿಯ ಹಳೆ ಕನ್ನಡಕದ ಪವರ್ ಎಷ್ಟು? ಲೆನ್ಸ್ ಅರೆಯುವ ವರ್ಕ್‌ಶಾಪಿನ ಹಿಂದೆ ನನ್ನ ಕೋಣೆ. ಊರಿನ ಅರ್ಧ ಜನರ ಕಣ್ಣು ಈ ಕೋಣೆಯ ಸರ್ವರಿನಲ್ಲಿದೆ. ಡೇಟಾಬೇಸ್ ಕಟ್ಟಿದ್ದು ನಾನು, ತುಂಬಿದ್ದು ನಾನು, ತೆರೆದು ನೋಡುವುದೂ ನಾನೊಬ್ಬಳೇ. ಸಾಕಪ್ಪಾ ಸಾಕು ಅಂತ ದಿನವಿಡೀ ಗೊಣಗುತ್ತೇನೆ. ಗೊಣಗುವುದಕ್ಕೂ ಒಂದು ಗತ್ತು ಬೇಕು. ನನಗಿದೆ.

ಊಟದ ಹೊತ್ತಿಗೆ ಮಾವ ಶುರು ಮಾಡಿದರು. “ಇನ್ಮೇಲೆ ಅಂಗಡಿಯವರೇ ನೇರವಾಗಿ ನೋಡ್ಕೊಳ್ಲಿ ಕಣಮ್ಮ. ಚಿಕ್ಕವಳು ಹೇಳಿದ್ಲು, ನೆಟ್‌ವರ್ಕಿಗೆ ಬಿಟ್ರೆ ಆಯ್ತಂತೆ. ನಿಂಗೂ ಫೋನಿನ ಕಾಟ ತಪ್ಪುತ್ತೆ.”

ಚಿಕ್ಕವಳು ಅಂದರೆ ನನ್ನ ಓರಗಿತ್ತಿ. ಮದುವೆಯಾಗಿ ಬಂದು ವರ್ಷ ತುಂಬಿಲ್ಲ, ಆಗಲೇ ಮೂರನೇ ಅಂಗಡಿ ಅವಳ ಕೈಯಲ್ಲಿ. “ಎಂಥಾ ತಲೆ ನೋಡು” ಅಂದರು ಮಾವ. ನಾನು ಇಷ್ಟು ವರ್ಷ ಕತ್ತಿನ ಮೇಲೆ ಇಟ್ಟುಕೊಂಡಿದ್ದು ಏನು, ಕುಂಬಳಕಾಯಿಯೇ?

ಮಾರ್ಚ್ 5, ಗುರುವಾರ

ಕೂತೆ. ಮಾಡಲೇಬೇಕಲ್ಲ.

ಸರ್ವರ್ ಇಲ್ಲಿಯವರೆಗೆ ತಾನಿರುವ ಮಷೀನಿನ ಮಾತು ಬಿಟ್ಟು ಬೇರೆ ಯಾರದ್ದೂ ಕೇಳಿಸಿಕೊಂಡಿಲ್ಲ. ಪತಿವ್ರತೆ. ಆ ಸೆಟ್ಟಿಂಗ್ ಬದಲಾಯಿಸಿದೆ — ಹೊರಗಿನವರ ಮಾತೂ ಕೇಳು ಅಂತ. ರೀಸ್ಟಾರ್ಟ್. ಫೈರ್‌ವಾಲಿನ ಗೋಡೆಯಲ್ಲಿ ಪೋರ್ಟ್ ಅನ್ನುವ ಕಿಂಡಿ ತೆರೆದೆ. ಮೊದಲ ಅಂಗಡಿಯಲ್ಲಿ ಇವರು ಕೂರುತ್ತಾರೆ, ಫೋನ್ ಮಾಡಿ ನೋಡಿ ಅಂದೆ. “ನೋ ಎಂಟ್ರಿ ಅಂತ ಏನೋ ಬರ್ತಿದೆ ಕಣೇ, ರೋಡಲ್ಲಿ ಬೋರ್ಡ್ ಇರುತ್ತಲ್ಲ ಹಾಗೆ” ಅಂದರು. ಸರಿ, ಇನ್ನೊಂದು ಫೈಲ್ ಮರೆತಿದ್ದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಅನ್ನುವ ಫೈಲ್. ಮೂರೂ ಅಂಗಡಿಗಳನ್ನು ಸೇರಿಸಿ ಒಂದೇ ಸಾಲು ಬರೆದೆ. ಇವರಿಗೆ ಬಂತು. ಎರಡನೇ ಅಂಗಡಿಯಲ್ಲಿ ಮೈದುನನಿಗೂ ಬಂತು.

ಇವರು ಹೇಳಿದ್ದು — “ಪರವಾಗಿಲ್ವೇ, ಚಿಕ್ಕವಳು ಹೇಳಿದ್ದು ನಿಜ. ಸುಲಭಾನೇ.”

ಮಾಡಿದ್ದು ನಾನು. ನಿಜ ಆಗಿದ್ದು ಅವಳು.

ಅದೇ ದಿನ, ಸಂಜೆ 5

ಆ ಫೈಲನ್ನು ಸರ್ವರ್ ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಯಾವ ಸಾಲು ಹೊಂದುತ್ತದೋ ಅದೇ ತೀರ್ಪು, ಕೆಳಗಿನದನ್ನು ನೋಡುವುದೇ ಇಲ್ಲ. ಮೂರೂ ಅಂಗಡಿಯವರನ್ನು ಬಿಡು ಅನ್ನುವ ಸಾಲಿನ ಮೇಲೆ ಇನ್ನೊಂದು ಸಾಲು ಬರೆದೆ. ಅವಳ ಕಂಪ್ಯೂಟರಿನ ವಿಳಾಸ, ಪಕ್ಕದಲ್ಲಿ ರಿಜೆಕ್ಟ್. ಸೇವ್ ಮಾಡಿ ಸರ್ವರಿಗೆ ಮತ್ತೆ ಓದಿಸಿದೆ.

ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಇದಕ್ಕೆ. ಇಲ್ಲಿ ಬರೆದರೆ ಯಾರು ಓದುತ್ತಾರೆ...

ಮಾರ್ಚ್ 9, ಸೋಮವಾರ

ಹತ್ತು ಗಂಟೆಗೇ ಚಿಕ್ಕವಳ ಫೋನ್. “ಅಕ್ಕ, ನಂಗೆ ಬರ್ತಿಲ್ಲ. ಒಂದು ಪವರ್ ಹೇಳ್ತೀರಾ?”

“ಬರುತ್ತೆ, ನೋಡು. ಅವರಿಬ್ಬರಿಗೂ ಬಂತಲ್ಲ” ಅಂದೆ. ಪವರೂ ಹೇಳಿದೆ. ಗಿರಾಕಿ ಒಬ್ಬ ದರ್ಜಿ. ಕನ್ನಡಕ ಕೊಡುವವರೆಗೂ ಸೂಜಿಗೆ ದಾರ ಪೋಣಿಸಿಕೊಡು ಅಂತ ಅವಳನ್ನೇ ಕೂರಿಸಿದ್ದಾನಂತೆ. “ಆರು ಸೂಜಿ ಆಯ್ತು ಅಕ್ಕ, ಇನ್ನೂ ಜೇಬಿಂದ ತೆಗೀತಾನೇ ಇದ್ದಾನೆ” ಅಂದಳು. ನಗು ಬಂತು. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ.

ಅವರಿಬ್ಬರೂ ಈಗ ಫೋನ್ ಮಾಡುವುದಿಲ್ಲ. ಇವಳೊಬ್ಬಳೇ.

ಮಾರ್ಚ್ 18, ಬುಧವಾರ

ದಿನಾ ಫೋನ್. ಪವರ್ ಹೇಳುವುದು ಅರ್ಧ ನಿಮಿಷ, ಮಾತು ಅರ್ಧ ಗಂಟೆ. ಅವಳ ಅಂಗಡಿಯ ಷಟರ್ ಕಿರುಗುಡುವುದು, ಎದುರಿನ ಔಷಧಿ ಅಂಗಡಿಯವನು ತನ್ನ ಕನ್ನಡಕ ಹುಡುಕಲು ಇವಳ ಕನ್ನಡಕ ಎರವಲು ಕೇಳಿದ್ದು — ಎಲ್ಲ ಗೊತ್ತು ನನಗೀಗ. ಮನೆಗೆ ಬಂದರೆ ಅವಳು ಅಡುಗೆಮನೆಯಲ್ಲಿ, ನಾನು ಹಜಾರದಲ್ಲಿ. ನನಗೆ ಮಾತು ಬೇಕಿಲ್ಲ.

ಇವತ್ತು ಊಟಕ್ಕೆ ಕೂತಾಗ ಮಾವ ಕೇಳಿದರು, ನಿನಗೊಬ್ಬಳಿಗೇ ಯಾಕೆ ಬರೋಲ್ಲ ಅಂತ. ಅವಳು ತಟ್ಟೆ ನೋಡುತ್ತಾ, “ನಂಗೇ ಸರಿಯಾಗಿ ಬರ್ತಿಲ್ಲ ಮಾವ” ಅಂದಳು. ಮಾವ ನಕ್ಕರು. “ಪುಣ್ಯಕ್ಕೆ ಒಪ್ಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗನ್ಲಿಲ್ವಲ್ಲ.” ಎಲ್ಲರೂ ನಕ್ಕರು. ಎಂಥಾ ತಲೆ ಅಂತ ಯಾರೂ ಅನ್ನಲಿಲ್ಲ. ನಾನು ಎರಡು ತುತ್ತು ಹೆಚ್ಚಿಗೇ ಉಂಡೆ.

ಮಾರ್ಚ್ 20, ಶುಕ್ರವಾರ

ಮಾವ ತೀರ್ಮಾನ ಮಾಡಿದ್ದಾರೆ. ಸೋಮವಾರದಿಂದ ಮೂರನೇ ಅಂಗಡಿಯಲ್ಲಿ ಕೂರುವುದು ನಮ್ಮ ಬಿಲ್ಲಿಂಗಿನವನು. ಚಿಕ್ಕವಳು ಮನೆಯಲ್ಲಿರಲಿ. “ಗಿರಾಕಿ ಕಾಯ್ಬಾರ್ದು, ಅಷ್ಟೇ. ಕೋಪ ಇಲ್ಲ ಯಾರ ಮೇಲೂ.”

ಅವಳು ಪಾತ್ರೆ ತೊಳೆಯುತ್ತಾ ನಿಂತಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಮೈದುನ ಹೋಗಿ ಪಕ್ಕದಲ್ಲಿ ನಿಂತ.

ಹಾಲು ಕುಡಿದಷ್ಟು ಸಂತೋಷ ಆಗಬೇಕಿತ್ತು ನನಗೆ. ಆಯಿತು. ಒಂದರ್ಧ ಗಂಟೆ.

ಮಾರ್ಚ್ 21, ಶನಿವಾರ, ಮಧ್ಯಾಹ್ನ

ಬಿಲ್ಲಿಂಗಿನವನಿಗಾಗಿ ಆ ಕಂಪ್ಯೂಟರ್ ಸರಿ ಮಾಡಿ ಬಾ ಅಂತ ಮಾವ ಕಳಿಸಿದರು. ಸರಿ ಮಾಡುವುದೇನಿದೆ, ನನ್ನ ಸಾಲು ತೆಗೆದರೆ ಮುಗಿಯಿತು. ಆದರೂ ಹೋದೆ. ಹೋಗಿ ಏನೋ ತಿಣುಕಾಡಿದ ಹಾಗೆ ಮಾಡಬೇಕಲ್ಲ.

ಅವಳು ಕುರ್ಚಿ ಬಿಟ್ಟುಕೊಟ್ಟಳು. ಸ್ಕ್ರೀನ್ ಮೇಲೆ ಕೆಂಪು ಅಕ್ಷರ. ಇವರಿಗೆ ಬಂದಿದ್ದ ನೋ ಎಂಟ್ರಿ ಅಲ್ಲ. ಪಟ್ಟಿಯಲ್ಲೇ ಇಲ್ಲದವರಿಗೆ ಅದು. ಬೇಕಂತಲೇ ತಡೆದವರಿಗೆ ಬೇರೆ ಮೆಸೇಜ್ — ಇಂಥ ಫೈಲ್, ಇಂಥ ವಿಳಾಸವನ್ನು ರಿಜೆಕ್ಟ್ ಮಾಡಿದೆ ಅಂತ ನೇರವಾಗಿ. ಹೊರಗೆ ನಿಂತು ನಾನು ಯಾವತ್ತು ನೋಡಿದ್ದೆ? ನಾನು ಯಾವಾಗಲೂ ಒಳಗಿನವಳು.

“ಇದು... ಯಾವಾಗಿಂದ ಬರ್ತಿದೆ?”

“ಮೊದಲ ದಿನದಿಂದ ಅಕ್ಕ.”

“ಓದಿದ್ಯಾ?”

“ಓದ್ದೆ.”

“ಅರ್ಥ ಆಯ್ತಾ?”

“ಆ ಫೈಲು ಬರೆಯೋದು ನೀವೊಬ್ಬರೇ ಅಲ್ವಾ ಅಕ್ಕ.”

ಫ್ರೇಮುಗಳ ಗಾಜು ಒರೆಸತೊಡಗಿದಳು. ನಾನೇ ಕೇಳಿದೆ, ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಅಂತ.

“ಹೇಳಿದ್ರೆ ನೀವು ಸರಿ ಮಾಡ್ತಿದ್ರಿ. ಆಮೇಲೆ ಫೋನ್ ಮಾಡೋಕೆ ನಂಗೇನಿದೆ? ಮನೇಲಿ ನೀವು ನನ್ನ ಜೊತೆ ಮಾತಾಡೋದೇ ಇಲ್ಲ. ಫೋನಲ್ಲಾದ್ರೆ ನಗ್ತಿದ್ರಿ.”

ಸಿಟ್ಟು ಬಂತು. ಇಷ್ಟು ಒಳ್ಳೆಯವಳಾಗಿರುವುದಕ್ಕೆ ಯಾರು ಹೇಳಿದ್ದು ಇವಳಿಗೆ? ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಬೇಕೇ?

ಅದೇ ದಿನ, ರಾತ್ರಿ

ಸಾಲು ಅಳಿಸಿದೆ. ಫೈಲನ್ನು ಮತ್ತೆ ಓದಲು ಸರ್ವರಿಗೆ ಹೇಳಿದೆ. ಅವಳಿಗೆ ಬಂತು.

ಊಟಕ್ಕೆ ಕೂತಾಗ ಮಾವನಿಗೆ ಹೇಳಿದೆ, ತಪ್ಪು ನನ್ನ ಸೆಟ್ಟಿಂಗಿನದು, ಅವಳದ್ದಲ್ಲ, ಬಿಲ್ಲಿಂಗಿನವನನ್ನು ಕಳಿಸಬೇಡಿ ಅಂತ. “ಆಗುತ್ತೆ ಬಿಡಮ್ಮ, ಎಲ್ಲರ ಕೈಲೂ ಆಗುತ್ತೆ” ಅಂದರು. ಬೇಕಂತ ಮಾಡಿದೆ ಅನ್ನುವುದು ಬಾಯಿವರೆಗೆ ಬಂತು, ನುಂಗಿದೆ. ಅವಳು ನನ್ನ ಕಡೆ ನೋಡಿದಳು. ನೀರು ಬೇಕಾ ಅಕ್ಕ ಅಂತ ಮಾತ್ರ ಕೇಳಿದಳು. ಬೇಡ ಅಂದೆ. ಬೇಕಿತ್ತು.

ಮಾರ್ಚ್ 23, ಸೋಮವಾರ, ಮಧ್ಯಾಹ್ನ

ಮೂರೂ ಅಂಗಡಿ ಸರ್ವರಿನ ಒಳಗೆ. ಯಾರ್ಯಾರು ಸೇರಿದ್ದಾರೆ ಅಂತ ನನಗೆ ಇಲ್ಲಿಂದಲೇ ಕಾಣುತ್ತದೆ. ಅವಳ ವಿಳಾಸ ಬೆಳಗ್ಗೆಯಿಂದ ಇದೆ. ಹುಡುಕುತ್ತಾಳೆ, ಸಿಗುತ್ತದೆ, ಮುಂದಿನ ಗಿರಾಕಿ. ನನಗಿಂತ ಚುರುಕು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಫೋನ್ ಇಲ್ಲ. ಒಂದೂ ಇಲ್ಲ. ಊಟ ಮಾಡಿದೆ, ನಿಧಾನಕ್ಕೆ, ಬಿಸಿ ಇರುವಾಗಲೇ. ರುಚಿ ಹತ್ತಲಿಲ್ಲ. ಕೀಬೋರ್ಡ್ ಒರೆಸಿದೆ. ಅವಳ ಅಂಗಡಿಯಲ್ಲಿ ಈಗ ಯಾರಿರಬಹುದು...

ಈ ಕೈಯಲ್ಲಿ ಪೆನ್ನು, ಆ ಕೈಯಲ್ಲಿ ಫೋನು. ಏನಂತ ಕೇಳೋದು? ಎಲ್ಲ ಪವರೂ ನನ್ನ ಹತ್ತಿರವೇ ಇದೆ. ನೆಪ ಒಂದೂ ಸಿಗುತ್ತಿಲ್ಲ. ನಂಬರ್ ಒತ್ತಿಬಿಟ್ಟೆ. ರಿಂಗ್ ಆಗುತ್ತಿದೆ. ಎತ್ತಿದಳು. “ಹೇಳಿ ಅಕ್ಕ” ಅಂತಿದ್ದಾಳೆ. ನಾನು —