ಕೆಳಗೆ ನೋಡಿದ ಆಯಿ

ಸಿಂದಗಿ
ತಾ. 6-12-1976

ಚಿ. ಸೌ. ಮಹಾನಂದಾಳಿಗೆ ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದಗಳು.

ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆದು ಮುಗಿಸಿಬಿಡುವವಳು ನಾನು. ಈ ಸಲ ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಅಪ್ಪ ಕ್ಷೇಮ. ಎಮ್ಮೆ ಕ್ಷೇಮ. ಸ್ಟುಡಿಯೋದಲ್ಲಂತೂ ಕೈಗೆ ಬಿಡುವಿಲ್ಲ. ನಾನು ಮಾತ್ರ ಶನಿವಾರ ನಿನ್ನ ಪತ್ರ ಮುಟ್ಟಿದಾಗಿನಿಂದ ರೊಟ್ಟಿ ಹೊತ್ತಿಸುತ್ತಿದ್ದೇನೆ. ಮುಂಜಾನೆ ನಿಮ್ಮ ಅಪ್ಪ ತಾಟಿನ ಮುಂದೆ ಕೂತು, “ಏನ, ರೊಟ್ಟೀನೂ ಡೆವಲಪ್ ಮಾಡೀಯೇನ? ಭಾಳ ಕರ್ರಗ ಬಂದಾವಲ್ಲ” ಅಂದರು. ನಾನು ನಗಲಿಲ್ಲ. ಅದಕ್ಕೆ ಅವರಿಗೆ ಸಂಶಯ ಬಂದಿದೆ.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಮುದ್ದೇಬಿಹಾಳದ ಇಬ್ರಾಹಿಂಸಾಬರು ಸೊಲ್ಲಾಪುರದ ಮಗನ ಹತ್ತಿರ ಹೋಗಿ ಇರುತ್ತಾರಂತೆ. ತಮ್ಮ ಫೋಟೋ ಅಂಗಡಿಯನ್ನು ಕ್ಯಾಮೆರಾ, ಪರದೆ, ಕುರ್ಚಿ ಸಮೇತ ನಿನಗೇ ಬಿಟ್ಟುಕೊಡುತ್ತಾರಂತೆ. ಎಳ್ಳಮಾವಾಸ್ಯೆಯ ತನಕ ನಿನ್ನ ಮಾತಿಗೆ ಕಾದು, ಆಮೇಲೆ ಬೇರೆಯವರಿಗೆ ಕೊಡುತ್ತಾರಂತೆ. ಅಳಿಯಂದಿರು ಹೂಂ ಅಂದಿದ್ದಾರೆ. ನಿಮ್ಮ ಅತ್ತೆ ಇಂದ್ರಾಬಾಯಿಯವರು ಕೂಸು ನೀಲಾಳನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದ್ದಾರೆ. ಇಷ್ಟೆಲ್ಲ ಬರೆದು ಕೊನೆಗೆ ನೀನು ಬರೆದದ್ದು ಇದು: “ನಾ ಒಲ್ಲೆ ಅಂತ ಹೇಳಿಬಿಡ್ತೇನಿ ಅವ್ವಾ. ನೀ ಕ್ಯಾಮೆರಾದ ಹಿಂದ ನಿಂತಿ, ನನ್ನ ಆಯಿ ಕೈಯಾಗ ಬಿಟ್ಟಿ. ಆಯಿ ಕುದಿಯೂ ನೀರು ಹಾದ್ಯಾಗ ಇಟ್ಲು. ನನ್ನ ಕೈ ನೋಡು. ನನ್ನ ಮಗಳನ್ನ ನಾ ಯಾವ ಮುದುಕಿ ಕೈಯಾಗೂ ಬಿಡಾಂಗಿಲ್ಲ.”

ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತೆ. ಇಪ್ಪತ್ತನಾಲ್ಕು ವರ್ಷದವಳಾದರೂ ನೀನು ಉದ್ದ ತೋಳಿನ ಕುಪ್ಪಸವನ್ನೇ ಹೊಲಿಸಿಕೊಳ್ಳುತ್ತೀ. ಬೇಸಿಗೆಯಲ್ಲೂ ಆ ಎಡಗೈ ಬಿಚ್ಚುವುದಿಲ್ಲ. ಆ ಕೈಯ ಸಂಗತಿಯನ್ನೇ ಇವತ್ತು ಬರೆಯಬೇಕಾಗಿದೆ. ಆದರೆ ಹಿಂದಿನದನ್ನು ಸ್ವಲ್ಪ ಹೇಳದೆ ಅದು ತಿಳಿಯುವುದಿಲ್ಲ. ಅವಸರ ಮಾಡಿ ಹಾಳೆ ತಿರುವಬೇಡ.

ನಾನು ಸಾಲಿ ಕಲಿತದ್ದು ಎರಡನೇ ಇಯತ್ತೆ. ಫೋಟೋದ ಲಕೋಟೆಗಳ ಮೇಲೆ ಗಿರಾಕಿಗಳ ಹೆಸರು, ಊರು ಬರೆದು ಬರೆದೇ ನನ್ನ ಅಕ್ಷರ ಕೂಡಿದ್ದು. ಇಂಗಳೇಶ್ವರ ಎಂದು ತಪ್ಪಿಲ್ಲದೆ ಬರೆಯಲು ನನಗೆ ಒಂದು ಮಳೆಗಾಲ ಬೇಕಾಯಿತು. ಕ್ಯಾಮೆರಾ ಹಿಡಿದದ್ದೂ ಹೀಗೇ, ಯಾರೂ ಕೂರಿಸಿ ಕಲಿಸಲಿಲ್ಲ. ನಿಮ್ಮ ಅಪ್ಪ ಸ್ಟುಡಿಯೋ ತೆಗೆದ ಹೊಸದರಲ್ಲಿ ಬರುತ್ತಿದ್ದವರೆಲ್ಲ ಗಂಡಸರು. ಪರ ಗಂಡಸಿನ ಮುಂದೆ ಹೆಂಗಸರು ಹೇಗೆ ಮುಖ ಎತ್ತಿ ಕೂರಬೇಕು? ಒಂದು ದಿನ ಖಾತುನಬಿ ಬಂದರು. ಮುಂಬಯಿಯಲ್ಲಿದ್ದ ಮಗನಿಗೆ ಫೋಟೋ ಕಳಿಸಬೇಕಾಗಿತ್ತು. ಕುರ್ಚಿಯ ಮೇಲೆ ಕೂತವರೇ, “ಅಯ್ಯಾರ, ನೀವು ಹೊರಗ ಹೋಗ್ರಿ. ಅಮ್ಮಾರು ತೆಗೀತಾರ” ಎಂದುಬಿಟ್ಟರು. ನಾನು ಅಲ್ಲಿಯವರೆಗೆ ಆ ಕ್ಯಾಮೆರಾದ ಧೂಳು ಮಾತ್ರ ಒರೆಸಿದವಳು!

ನಿಮ್ಮ ಅಪ್ಪ ಬಾಗಿಲ ಹೊರಗೆ ನಿಂತು ಒದರಿದರು: “ಮುಚ್ಚಳಾ ತೆಗಿ! ಒಂದು... ಎರಡು... ಮೂರು... ಹಾಕು!” ಅವರ ಜೊತೆಗೆ ನಾನೂ ಎಣಿಸಿದೆ, ಖಾತುನಬಿಯೂ ಎಣಿಸಿದರು. ಫೋಟೋದಲ್ಲಿ ಕಣ್ಣು, ಮೂಗು ನಿಚ್ಚಳ ಬಂದವು. ಬಾಯಿ ಮಾತ್ರ ಅಲುಗಾಡಿ ಮಸುಕಾಗಿತ್ತು. ಮತ್ತೊಮ್ಮೆ ತೆಗೆಯುತ್ತೇನೆ ಅಂದರೆ ಅವರು ಒಪ್ಪಲಿಲ್ಲ. “ಹಿಂಗ ಇರ್ಲಿ ಬಿಡ್ರಿ. ಅವ್ವ ಬೈಯಾಕತ್ತಾಳ ಅಂತ ತಿಳದು ಮಗಾ ಲಗೂ ಊರಿಗಿ ಬರ್ತಾನ” ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಮುಂದಿನ ವಾರ ಅವರ ಓಣಿಯ ಹೆಂಗಸರೆಲ್ಲ ಬಂದರು. ಆಮೇಲೆ ನಿಶ್ಚಯದ ಹುಡುಗಿಯರು, ಬಸುರಿಯರು, ಮೊಮ್ಮಕ್ಕಳ ಜೊತೆ ಅಜ್ಜಿಯರು. ಇವತ್ತು ಇಂಡಿಯಿಂದ ಬಸ್ಸು ಹತ್ತಿ ಬರುತ್ತಾರೆ. ಬಸವನ ಬಾಗೇವಾಡಿಯ ಸಾಲಿಗಳ ಗುಂಪು ಫೋಟೋಗಳೆಲ್ಲ ನಮ್ಮವೇ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಸ್ವಲ್ಪ ಜಂಬಕ್ಕೂ ಇರಬಹುದು.

ಇದೆಲ್ಲ ನಡೆದದ್ದು ನಿಮ್ಮ ಆಯಿಯಿಂದ, ನನ್ನ ಅತ್ತೆಯಿಂದ. ನಾನು ಕ್ಯಾಮೆರಾದ ಕರಿಯ ಅರಿವೆಯೊಳಗೆ ತಲೆ ಹಾಕಿ ಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಚಿತ್ರ ನೋಡುವಾಗ ಒಲೆಯ ಮುಂದೆ ಕೂತವರು ಅವರು. ಓಣಿಯವರು ಚುಚ್ಚಿ ಕೇಳಿದರೆ, “ನಮ್ಮ ಸೊಸಿ ಕ್ಯಾಮೆರಾದಾಗ ಊರ ಮಂದೀನ್ನೆಲ್ಲಾ ತಲಿಕೆಳಗ ಮಾಡಿ ನೋಡ್ತಾಳ. ನಿಮ್ಮನ್ನೂ ನೋಡ್ಯಾಳ, ಬಾಯಿ ಮುಚ್ಚಿಕೊಂಡು ಇರ್ರಿ” ಅನ್ನುತ್ತಿದ್ದರು. ಆದರೆ ಇಂಡಿಯಲ್ಲಿದ್ದ ನಿಮ್ಮ ದೊಡ್ಡಪ್ಪನಿಗೆ ಇದು ಸೇರಲಿಲ್ಲ. ಮನೆತನದ ಹೆಣ್ಣುಮಗಳು ಅಂಗಡಿಯಲ್ಲಿ ನಿಲ್ಲುವುದೇ ಎಂದು ಬಂದು ಕೂತು ಜಗಳ ತೆಗೆದರು. ಅಣ್ಣನ ಮಾತು ಮೀರಲಾರದೆ ನಿಮ್ಮ ಅಪ್ಪ ನನಗೆ ಒಂದು ಷರತ್ತು ಹಾಕಿದರು: “ಮನಿಯಾಗ ಒಂದ ಒಂದು ಕಡಿಮಿ ಆತಂದ್ರ ಕತ್ತಲ ಖೋಲಿಗಿ ಕೀಲಿ ಹಾಕ್ತೇನಿ. ಆಮ್ಯಾಲ ಕೇಳಬ್ಯಾಡ.” ಕತ್ತಲ ಖೋಲಿ ಅಂದರೆ ಫೋಟೋ ತೊಳೆಯುವ ನನ್ನ ಖೋಲಿ. ನನಗೆ ಅದು ದೇವರ ಖೋಲಿಯಷ್ಟೇ ಇತ್ತು.

ಇನ್ನು ಆ ದಿನದ ಮಾತು.

ಇಂಥದೇ ಚಳಿಗಾಲ. ನಿನಗೆ ಮೂರು ತುಂಬಿತ್ತು. ಯಂಕಂಚಿಯ ಒಂದು ಮದುವೆಯ ದಿಬ್ಬಣದ ಫೋಟೋ ತೆಗೆದಿದ್ದೆ. ಗುಂಪು ಫೋಟೋ ನಾನೊಬ್ಬಳೇ ತೆಗೆದದ್ದು ಅದೇ ಮೊದಲು. ಮರುದಿನ ಮುಂಜಾನೆ ಬಂದು ಒಯ್ಯುತ್ತೇವೆ ಅಂದಿದ್ದರು. ಒಂದು ಪ್ರತಿಯನ್ನು ರಾತ್ರಿಯೇ ತೊಳೆದು ಸ್ಟುಡಿಯೋದಲ್ಲಿ ಇಟ್ಟಿದ್ದೆ, ಉಳಿದವು ಮುಂಜಾನೆಗೆ ಬಾಕಿ ಇದ್ದವು. ಚಳಿಗೆ ಫೋಟೋ ತೊಳೆಯುವ ಔಷಧ ತಣ್ಣಗಾದರೆ ಚಿತ್ರ ಏಳುವುದಿಲ್ಲ, ನಿನಗೆ ಗೊತ್ತಿದೆ. ಔಷಧದ ತಟ್ಟೆಯನ್ನು ಬಿಸಿನೀರಿನೊಳಗೆ ಇಟ್ಟು ಬೆಚ್ಚಗೆ ಮಾಡಬೇಕು. ಅದಕ್ಕೆ ದೊಡ್ಡ ಬೋಗುಣಿಯ ತುಂಬ ನೀರು ಕಾಸಿದೆ. ಆಯಿಗೆ, “ಅತ್ತಿ, ಕೂಸು ನನ್ನ ಕಡೆ ಐತಿ, ನೀವು ಬಾವಿಗಿ ಹೋಗಿ ಬರ್ರಿ” ಅಂದೆ. ಅವರು ಕೊಡ ಹಿಡಿದು ಹೋದರು.

ನೀನು ಪಡಸಾಲೆಯಲ್ಲಿ ಆಡುತ್ತಿದ್ದಿ. ನಾನು ಬೋಗುಣಿ ಎತ್ತಿಕೊಂಡು ಕತ್ತಲ ಖೋಲಿಯ ಹೊಸ್ತಿಲ ತನಕ ಬಂದಿದ್ದೆ. ಸ್ಟುಡಿಯೋದಿಂದ ನಿಮ್ಮ ಅಪ್ಪ ಕೂಗಿದರು: “ಕೇಳಿತೇನ? ಯಂಕಂಚಿಯವ್ರು ಬಂದ್ರು, ಲಗೂನ ಬಾ!” ಬೋಗುಣಿಯನ್ನು ಅಲ್ಲೇ ಹೊಸ್ತಿಲ ಮುಂದೆ, ನೆಲದ ಮೇಲೆ ಇಟ್ಟೆ. ಇಟ್ಟವಳು ನಾನು, ಮಹಾನಂದಾ. ಆಯಿ ಅಲ್ಲ. ಇಟ್ಟು, ಹಿಂತಿರುಗಿ ನೋಡದೆ ಓಡಿದೆ. ನನ್ನ ಫೋಟೋ ನೋಡಿ ಅವರು ಏನನ್ನುತ್ತಾರೋ ಎಂಬ ಆಸೆ ನನಗೆ.

ನಿನ್ನ ಚೀರು ಕೇಳಿ ನಾನು ಓಡಿ ಬಂದಾಗ ಆಯಿ ನನಗಿಂತ ಮುಂಚೆ ಅಲ್ಲಿದ್ದರು. ಬಾವಿಯಿಂದ ಬಂದವರು, ನೀನು ಬೋಗುಣಿಯ ಅಂಚು ಹಿಡಿದು ಜಗ್ಗುವುದನ್ನು ಅಂಗಳದಿಂದಲೇ ನೋಡಿ ಕೊಡ ಎಸೆದು ಬಂದಿದ್ದರು. ಬೀಳುತ್ತಿದ್ದ ಬೋಗುಣಿಯನ್ನು ಬರಿಗೈಯಿಂದ ಆಚೆ ತಳ್ಳಿದರು. ನಿನ್ನ ತೋಳಿಗೆ ಬಿದ್ದದ್ದು ಒಂದು ಪಾಲು. ಅವರು ಆ ಗಳಿಗೆಗೆ ಬರದಿದ್ದರೆ ಮುಖಕ್ಕೆ ಬೀಳುತ್ತಿತ್ತು. ಉಳಿದದ್ದು ಅವರ ಬಲಗೈ ಮೇಲೆ ಬಿತ್ತು. ಅವರ ಎರಡು ಬೆರಳು ಮಡಚುತ್ತಿರಲಿಲ್ಲವಲ್ಲ, ರೊಟ್ಟಿ ಹಂಚು ಹತ್ತಿತ್ತು ಎಂದು ನಿನಗೆ ಹೇಳುತ್ತಿದ್ದರಲ್ಲ, ಅದು ಹಂಚಿನದಲ್ಲ.

ನಿಮ್ಮ ಅಪ್ಪ ಬಂದು, “ಯಾರು ಇಟ್ಟಾರ ಇದನ್ನ ಇಲ್ಲೆ?” ಎಂದು ಗುಡುಗಿದರು. ನಾನು ಬಾಯಿ ತೆರೆಯುವ ಮೊದಲೇ ಆಯಿ ಹೇಳಿದರು: “ನಾನ ಇಟ್ಟೇನಿ. ಕೂಸಿನ ಜಳಕಕ್ಕ ಕಾಸಿದ್ದೆ. ಈಗ ಡಾಕ್ಟರನ ಕರ್ಕೊಂಡು ಬರ್ತಿಯೋ, ಪಂಚಾಯ್ತಿ ಮಾಡ್ತಿಯೋ?”

ಸಂಜೆ ನಿನಗೆ ನಿದ್ದೆ ಹತ್ತಿದ ಮೇಲೆ ಅವರ ಕಾಲು ಹಿಡಿದುಕೊಂಡೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು, “ನಾ ಮುದುಕಿ, ನನಗ ಬೈದು ಬೈದು ಬಿಡ್ತಾರ. ನಿನ್ನ ಖೋಲಿಗಿ ಕೀಲಿ ಬಿತ್ತಂದ್ರ ಮತ್ತ ತೆಗಿಯೂದಿಲ್ಲ” ಅಂದರು. ಆಮೇಲೆ, “ಅಳೂದು ಸಾಕು. ನಂದೂ ಒಂದು ಫೋಟೋ ತೆಗಿ, ಅಷ್ಟಕ್ಕ ಮುಗೀತು” ಅಂದರು. ಹದಿನೈದು ದಿನದ ಮೇಲೆ ತೆಗೆದೆ. ಸ್ಟುಡಿಯೋದ ಮುಂದಿನ ಖೋಲಿಯಲ್ಲಿ ತೂಗುಹಾಕಿರುವುದು ಅದೇ ಫೋಟೋ. ಗೊಳಸಂಗಿಯ ಸಂಗಣ್ಣ ಬಂದಾಗಲೆಲ್ಲ ಕಾಡಿಸುತ್ತಾನಲ್ಲ, “ಅಮ್ಮಾರ, ನಮಗೆಲ್ಲಾ ನೆಟ್ಟಗ ನೋಡ್ರಿ ಅಂತೀರಿ, ನಿಮ್ಮ ಅತ್ತಿ ನೆಲದಾಗ ಏನ ಹುಡುಕಾಕತ್ತಾರ?” ಎಂದು. ಕ್ಯಾಮೆರಾ ನೋಡದ ಫೋಟೋ ಎಂದು ನೀನೂ ನಗುತ್ತಿದ್ದಿ.

ಮೊದಲು ಕೀಲಿಯ ಹೆದರಿಕೆಗೆ ಸುಮ್ಮನಿದ್ದೆ. ಆಮೇಲೆ ಹೆದರಿಕೆ ಹೋಯಿತು, ಸುಮ್ಮನಿರುವುದು ಉಳಿಯಿತು. ನೀನು ದೊಡ್ಡವಳಾದೆ. ಆಯಿಯ ಕೈಯಿಂದ ತುತ್ತು ತಿನ್ನುವುದನ್ನು ಬಿಟ್ಟೆ. ಅವರು ಒಂದು ದಿನವೂ ನನ್ನ ಮುಖ ನೋಡಿ ಹೇಳು ಎನ್ನಲಿಲ್ಲ. ಈ ಶ್ರಾವಣದಲ್ಲಿ ಅವರು ಹಾಸಿಗೆ ಹಿಡಿದಾಗ ನೀನು ಬಂದಿದ್ದಿಯಲ್ಲ. ನೀಲಾ ಅಂಬೆಗಾಲಿಡುತ್ತ ಅವರ ಹಾಸಿಗೆಯ ತನಕ ಹೋದಳು. ಆಯಿ ಕೈ ಚಾಚಿದರು. ನೀನು ಓಡಿ ಬಂದು ಕೂಸನ್ನು ಎತ್ತಿಕೊಂಡು ಹೋದೆ. ನಾನು ಹಾಲಿನ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದೆ. ಆಗಲಾದರೂ ಹೇಳಬಹುದಾಗಿತ್ತು. ನಾಲ್ಕು ದಿನಕ್ಕೆ ಅವರು ಶಿವನ ಪಾದ ಸೇರಿದರು. ನಿನ್ನ ಸಿಟ್ಟು ಯಾರ ಮೇಲೆ ಇರಬೇಕಾಗಿತ್ತೋ ಅವಳು ಹಾಲು ಹಿಡಿದು ನಿಂತವಳು.

ಸಿಟ್ಟು ಮಾಡಿಕೋ. ಪತ್ರ ಬರೆಯದೆ ಇರು, ನಾಲ್ಕು ತಿಂಗಳು ಇರು. ಆದರೆ ಅಂಗಡಿ ಬಿಡಬೇಡ. ನನ್ನ ತಪ್ಪಿಗೆ ಇನ್ನೊಬ್ಬ ಮುದುಕಿಯನ್ನು ದೂರ ಇಡಬೇಡ. ನಾನು ಕೂಸನ್ನೂ ಕೆಲಸವನ್ನೂ ಒಟ್ಟಿಗೆ ಹಿಡಿದದ್ದು ತಪ್ಪಲ್ಲ, ಬೋಗುಣಿಯನ್ನು ನೆಲದ ಮೇಲೆ ಇಟ್ಟದ್ದು ತಪ್ಪು. ಎರಡೂ ಬೇರೆ ಬೇರೆ. ಇದನ್ನು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು, ನೀನು ಒಂದೇ ಓದಿಗೆ ತಿಳಿದುಕೋ.

ಇಬ್ರಾಹಿಂಸಾಬರ ಕತ್ತಲ ಖೋಲಿಯ ಗೋಡೆಗೆ ಎದೆಯೆತ್ತರದಲ್ಲಿ ಒಂದು ಕಲ್ಲಿನ ಹಲಗೆ ಕೂರಿಸು. ಬಿಸಿನೀರು, ಔಷಧ ಎಲ್ಲ ಅದರ ಮೇಲೆ. ಬಾಗಿಲಿಗೆ ಹೊರಗಿನಿಂದ ಮೇಲೊಂದು ಚಿಲಕ ಇರಲಿ. ಮಧ್ಯಾಹ್ನ ಎರಡು ತಾಸು ಅಂಗಡಿ ಮುಚ್ಚು, ಗಿರಾಕಿ ಎಲ್ಲಿಗೂ ಓಡಿಹೋಗುವುದಿಲ್ಲ. ಇಂದ್ರಾಬಾಯಿಯವರನ್ನು ಮನೆಯಲ್ಲಿ ಕೂಸಿನ ಕಾವಲಿಗೆ ಬಿಡಬೇಡ, ಅಂಗಡಿಗೇ ಕರೆದುಕೊಂಡು ಬಾ. ಒಂದು ಕುರ್ಚಿ ಹಾಕಿ ಕೂರಿಸು. ಹೆಂಗಸರು ಫೋಟೋಕ್ಕೆ ಕೂತಾಗ ನೆರಿಗೆ ಸರಿ ಮಾಡಲು, ಸೆರಗು ಹೊದಿಸಲು, “ನಗಬೇ, ಯಾರೂ ನಿನ್ನ ತಿನ್ನಾಂಗಿಲ್ಲ” ಎಂದು ಧೈರ್ಯ ಹೇಳಲು ಹಿರಿಯಳೊಬ್ಬಳು ಬೇಕೇ ಬೇಕು. ಕೂಸು ಇಬ್ಬರ ಕಣ್ಣ ಮುಂದೆಯೇ ಇರುತ್ತದೆ. ಹುಡುಗಿಯರ ಫೋಟೋ ತೆಗೆಯಲು ಹೆಣ್ಣುಮಗಳಿದ್ದಾಳೆ ಎಂದು ಸುದ್ದಿ ಆಗಲಿ, ವರ್ಷದೊಳಗೆ ಮುದ್ದೇಬಿಹಾಳದಲ್ಲಿ ನಿನ್ನ ಬಾಗಿಲ ಮುಂದೆ ಚಪ್ಪಲಿ ಬಿಡಲು ಜಾಗ ಸಾಲುವುದಿಲ್ಲ. ನೆರಳು ಬೆಳಕು ನೋಡುವ ಕಣ್ಣು ನನ್ನದಕ್ಕಿಂತ ನಿನ್ನದು ಚುರುಕು. ಇದನ್ನು ಅವ್ವ ಹೇಳುತ್ತಿಲ್ಲ, ಇಪ್ಪತ್ತೆರಡು ವರ್ಷ ಫೋಟೋ ತೆಗೆದವಳು ಹೇಳುತ್ತಿದ್ದಾಳೆ.

ನಿಮ್ಮ ಅಪ್ಪನಿಗೆ ಇದೊಂದೂ ಗೊತ್ತಿಲ್ಲ. ಪತ್ರವನ್ನು ಅವರಿಗೆ ಓದಿ ಹೇಳಿದ ಮೇಲೆಯೇ ಡಬ್ಬಿಗೆ ಹಾಕುತ್ತೇನೆ. ಕೀಲಿ ಹಾಕುತ್ತಾರೇನೋ ನೋಡೋಣ. ಹಾಕಬೇಕೆಂದರೂ ಆ ಕೀಲಿ ಈಗ ನನ್ನ ಸೊಂಟದಲ್ಲಿದೆ.

ಎಳ್ಳಮಾವಾಸ್ಯೆಗೆ ಎರಡು ದಿನ ಮುಂಚೆ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಹೊಸ ಪರದೆಯೊಂದನ್ನು ಸುರುಳಿ ಸುತ್ತಿ ಇಟ್ಟಿದ್ದೇನೆ. ನೀನು ಬಾಗಿಲು ತೆರೆಯದಿದ್ದರೆ ಇಂದ್ರಾಬಾಯಿಯವರ ಹತ್ತಿರ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತೇನೆ. ನನಗೆ ಕಾಯುವುದು ಗೊತ್ತು.

ನೀಲಾಳಿಗೆ ಎರಡೂ ಗಲ್ಲಕ್ಕೆ ಮುದ್ದು. ಅಳಿಯಂದಿರಿಗೂ ಬೀಗತಿಯವರಿಗೂ ಶರಣು ತಿಳಿಸು.

ಬೋಗುಣಿ ಇಟ್ಟವಳು, ನಿನ್ನ ಅವ್ವ,
ಗುರವ್ವ ಚನ್ನಬಸಯ್ಯ ಮಠ

ತಾ.ಕ. ಓದಿ ಹೇಳಿದೆ. ನಿಮ್ಮ ಅಪ್ಪ ಎದ್ದು ಹಳೆಯ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆ ಇಳಿಸಿದರು. ತಾವೇ ನೀರು ಕಾಸಿ, ಬೋಗುಣಿಯನ್ನು ಹಲಗೆಯ ಮೇಲಿಟ್ಟು, ಕತ್ತಲ ಖೋಲಿಯ ಬಾಗಿಲು ಹಾಕಿಕೊಂಡರು. ಒಂದು ತಾಸಿನ ಮೇಲೆ ಹೊರಗೆ ಬಂದು ಹಸಿ ಪ್ರಿಂಟನ್ನು ನನ್ನ ಕೈಗಿಟ್ಟು, “ಈ ಸಲ ಕತ್ರಿ ಮುಟ್ಟಸಬ್ಯಾಡ” ಅಂದರು. ಅದನ್ನು ಒಣಗಿಸಿ ಇದರೊಳಗೆ ಇಟ್ಟಿದ್ದೇನೆ. ಗೋಡೆಯ ಮೇಲಿನ ಆಯಿ ಎದೆಯವರೆಗೆ ಮಾತ್ರ ಇದ್ದಾರೆ. ಕೆಳಗಿನ ಅರ್ಧ ಕತ್ತರಿಸಿದವಳು ನಾನು, ದಿನಾ ನೋಡಲಾರದೆ. ಪೂರ್ತಿ ಫೋಟೋದಲ್ಲಿ ಅವರ ತೊಡೆಯ ಮೇಲೆ ನೀನು ಮಲಗಿದ್ದೀ. ನಿನ್ನ ಎಡಗೈಗೂ ಅವರ ಬಲಗೈಗೂ ಒಂದೇ ಧೋತರದಿಂದ ಹರಿದ ಪಟ್ಟಿ ಕಟ್ಟಿದೆ. ಕ್ಯಾಮೆರಾ ನೋಡ್ರಿ ಅತ್ತಿ ಎಂದು ನಾನು ಎಷ್ಟು ಕೂಗಿದರೂ ಅವರು ನೋಡಿದ್ದು ನಿನ್ನನ್ನು.