ಏಳನೆಯ ಹಾಡಿನಲ್ಲಿ ನನ್ನ ಹೆಸರು

ಚಾಮರಾಜಪೇಟೆ, ಬೆಂಗಳೂರು
ಸೋಮವಾರ, ೧೦-೨-೨೦೨೫

ಚಿ॥ಸೌ॥ ಭಾಗೀರಥಿಗೆ ಆಶೀರ್ವಾದಗಳು.

ಮಂಡಿ ನೋವು ಹೇಗಿದೆ? ನಂಜನಗೂಡಿನ ಪಂಡಿತರ ಎಣ್ಣೆ ಏನಾದರೂ ಕೆಲಸ ಮಾಡಿತೇ, ಇಲ್ಲಾ ನಿನ್ನ ತಮ್ಮ ಸುಮ್ಮನೆ ಹೊಗಳಿದ್ದೋ? ಅಸಲಿಗೆ ನೋವು ಇತ್ತೋ ಇಲ್ಲವೋ ಎಂಬ ಪ್ರಶ್ನೆಯೂ ನನಗಿದೆ, ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಬಿ.ಪಿ. ಎಷ್ಟಿರಬೇಕೋ ಅಷ್ಟಿದೆ. ಸಾರಿಗೆ ಉಪ್ಪು ಹಾಕುವುದನ್ನು ಒಂದು ದಿನ ಮರೆತೆ, ಮಾರನೆಯ ದಿನ ಎರಡು ಸಲ ಹಾಕಿದೆ. ಫೋನ್ ಮಾಡುವುದು ಬಿಟ್ಟು ಇವರು ಕಾಗದ ಯಾಕೆ ಬರೆದರು ಎಂದು ನೀನು ಹುಬ್ಬು ಏರಿಸುತ್ತೀಯ, ಗೊತ್ತು. ನಿನ್ನ ಫೋನಿಗೆ ವಾಟ್ಸಾಪ್ ಹಾಕಿಕೊಟ್ಟವಳು ಯಾರು? ನಿನ್ನ ಮೊಮ್ಮಗಳು ಆರಾಧನಾ. ಅದರೊಳಗೆ ಇನ್ನೇನೇನು ಹಾಕಿದ್ದಾಳೋ ಯಾರು ಕಂಡರು! ಲಕೋಟೆಗೆ ನಾನೇ ಗೋಂದು ಹಚ್ಚುತ್ತೇನೆ. ಅಂಚು ಬಿಚ್ಚಿದ ಗುರುತಿದ್ದರೆ ತಕ್ಷಣ ತಿಳಿಸು.

ಈ ಮನೆಯಲ್ಲಿ ನನ್ನ ಕಣ್ಣು ತಪ್ಪಿಸಿ ಏನೋ ನಡೆಯುತ್ತಿದೆ ಎಂಬ ಅನುಮಾನ ನನಗೆ ಸಂಕ್ರಾಂತಿಯಿಂದಲೇ ಇತ್ತು. ನಾನು ಹಜಾರಕ್ಕೆ ಬಂದರೆ ನೀನೂ ಆರಾಧನಾಳೂ ಮಾತು ನಿಲ್ಲಿಸಿ ಅವರೆಕಾಯಿ ಸುಲಿಯಲು ಶುರು ಮಾಡುತ್ತಿದ್ದಿರಿ. ಅವರೆಕಾಯಿಯ ಕಾಲ ಮುಗಿದ ಮೇಲೂ! ನಮ್ಮ ಮಧುಸೂದನ ಹುಬ್ಬಳ್ಳಿಗೆ ವರ್ಗವಾಗಿ ಹೋಗುವಾಗ 'ನೀವಿದೀರಲ್ಲ ಅಪ್ಪ' ಎಂದು ಮಗಳನ್ನು ನಮ್ಮ ಹತ್ತಿರ ಬಿಟ್ಟು ಹೋದ. ನಾಳೆ ಹೆಚ್ಚುಕಡಿಮೆಯಾದರೆ ಅವನಿಗೆ ಉತ್ತರ ಹೇಳಬೇಕಾದವನು ನಾನು. ನೀನು ಬಸ್ಸು ಹತ್ತಿದ ಮಾರನೆಯ ದಿನ ಮೊರದಗಲದ ಚೌಕನೆಯ ಪಾರ್ಸಲ್ ಒಂದು ಬಂತು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಆರಾಧನಾ ಅದನ್ನು ಎತ್ತಿಕೊಂಡು ರೂಮಿಗೆ ಓಡಿದಳು. ನಾನು ಬಾಗಿಲ ಹೊರಗೆ ನಿಂತೆ. ಹೌದು, ನಿಂತೆ. ಮೂವತ್ತನಾಲ್ಕು ವರ್ಷ ಪರೀಕ್ಷೆಯ ಕೊಠಡಿ ಕಾದ ಮೇಷ್ಟರಿಗೆ ಕಾಪಿ ಚೀಟಿಯ ಸದ್ದು ಗೋಡೆಯಾಚೆಯಿಂದಲೂ ಕೇಳಿಸುತ್ತದೆ. ಅವಳು ಫೋನಿನಲ್ಲಿ ಹೇಳುತ್ತಿದ್ದಳು: 'ಆಲ್ಬಮ್ ಬಂತು ಯೋಗಾ! ಸಖತ್ತಾಗಿದೆ ಮಗಾ! ನಿಮ್ಮನೇಲಿ ಬೇಕಾದ್ರೆ ಹೇಳ್ಕೋ, ನಮ್ ತಾತಂಗೆ ಮಾತ್ರ ಗೊತ್ತಾಗ್ಬಾರ್ದು. ಅಜ್ಜಿಗೆ ಪ್ರಾಮಿಸ್ ಮಾಡಿದೀನಿ.'

ಆಲ್ಬಮ್! ನೀನೇ ಹೇಳು, ನಮ್ಮಂಥವರ ಮನೆಯಲ್ಲಿ ಆಲ್ಬಮ್ ಎಂದರೆ ಏನರ್ಥ? ಮದುವೆಯ ಫೋಟೋ ಆಲ್ಬಮ್. ತಲೆಗೂದಲನ್ನು ಜುಟ್ಟು ಕಟ್ಟಿಕೊಂಡು ಬಂದು ನಮ್ಮ ಜಗಲಿಯನ್ನು ಬೆರಳಲ್ಲಿ ಬಡಿಯುತ್ತ ಕೂರುವ ಆ ಮಾವಳ್ಳಿಯ ಯೋಗಾನಂದನ ಜೊತೆ ಇವಳು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಬಂದಿದ್ದಾಳೆ, ಸಾಕ್ಷಿಗೆ ನೀನು ನಿಂತಿದ್ದೀಯ, ಮುಖ ತೋರಿಸಲಾರದೆ ತಮ್ಮನ ಮನೆ ಸೇರಿದ್ದೀಯ ಎಂದು ನಾನು ಲೆಕ್ಕ ಹಾಕಿದೆ. ಹುಡುಗ ಯಾರಾದರೆ ನನಗೇನು, ಈ ಕಾಲದಲ್ಲಿ ಅದನ್ನೆಲ್ಲ ಕೇಳುವವನಲ್ಲ ನಾನು. ಆದರೆ ನನ್ನನ್ನು ಬಿಟ್ಟು ಮದುವೆಯೇ? ಎರಡು ದಿನ ಇದನ್ನೇ ಮೆಲುಕು ಹಾಕಿದೆ.

ನಿನ್ನೆ ಬೆಳಿಗ್ಗೆ ಛತ್ರಿ ಹಿಡಿದು ಮಾವಳ್ಳಿಗೇ ಹೋದೆ. ಯೋಗಾನಂದನ ತಾತ ಚಿಕ್ಕವೆಂಕಟಪ್ಪನಿಗೆ ಅಲ್ಲಿ ತರಕಾರಿ ಅಂಗಡಿ ಇದೆಯಲ್ಲ. 'ಏನ್ರೀ, ಮದುವೆ ಮಾಡ್ಕೊಂಡು ಊಟಕ್ಕೂ ಕರೀಲಿಲ್ವಲ್ಲ' ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟೆ. ಆತ ಕೈಯಲ್ಲಿದ್ದ ಸೋರೆಕಾಯಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. 'ಮದುವೆ ಎಲ್ಲಿಂದ ಬಂತು ಮೇಷ್ಟ್ರೇ? ಆಲ್ಬಮ್ ಅಂದ್ರೆ ಹಾಡಿಂದು, ಹಳೇ ಕಾಲದ ಗ್ರಾಮಫೋನ್ ಪ್ಲೇಟ್ ಥರ ಮಾಡ್ಸವ್ರೆ. ನಮ್ ಹುಡ್ಗ, ನಿಮ್ ಹುಡ್ಗಿ, ಇನ್ನಿಬ್ರು ಸೇರ್ಕೊಂಡು ರಾಕ್ ಬ್ಯಾಂಡು ಕಟ್ಟವ್ರೆ. ಇದೇ ಮೊದಲ್ನೇದು. ನಿಮ್ಮನೆ ಅಮ್ಮಾವ್ರೂ ಒಂದು ಹಾಡವ್ರಲ್ಲ, ನಿಮ್ಗೊತ್ತಿಲ್ವಾ?'

ಬ್ಯಾಂಡಿನ ಹೆಸರು 'ಒಂಟಿ ಚಪ್ಪಲಿ' ಅಂತೆ. ಆಲ್ಬಮ್ಮಿನ ಹೆಸರು 'ಗಂಟುಮೋರೆ'. ಅದನ್ನು ಕೇಳಿದಾಗಲೇ ನನಗೆ ಏನೋ ವಾಸನೆ ಹೊಡೆಯಿತು. ಚಿಕ್ಕವೆಂಕಟಪ್ಪ ತನ್ನ ಫೋನಿನಲ್ಲಿ ಏಳನೆಯ ಹಾಡು ಹಾಕಿದ. ಮೊದಲು ತಗಡಿನ ಶೀಟನ್ನು ರಸ್ತೆಯ ಮೇಲೆ ಎಳೆದ ಹಾಗೆ ಗಿಟಾರು, ಮೇಲೆ ಯೋಗಾನಂದನ ಡ್ರಮ್ಮಿನ ಧಡಬಡ. ಆಮೇಲೆ ಎಲ್ಲ ಸುಮ್ಮನಾಗಿ ನಿನ್ನ ದನಿ ಬಂತು. 'ಗಂಟುಮೋರೆಯ ರಾಯ, ಗಲ್ಲ ಕೊಡಿರಿ ಇತ್ತ, ಅರಿಸಿನ ಕಚ್ಚುವುದಿಲ್ಲ, ಚಕ್ರಪಾಣಿ.' ಅಬ್ಬಬ್ಬಾ, ಭಾಗೀರಥಿ! ನಲವತ್ತಾರು ವರ್ಷ 'ಇವರು', 'ನಮ್ಮನೆಯವರು', 'ಕೇಳಿಸ್ತಾ' ಎಂದುಕೊಂಡೇ ಸಂಸಾರ ಮಾಡಿದವಳು, ನನ್ನ ಹೆಸರನ್ನು ತರಕಾರಿ ಅಂಗಡಿಯಲ್ಲಿ ಕೂಗಿಸಿಬಿಟ್ಟೆಯಲ್ಲ. ಬದನೆಕಾಯಿ ಆರಿಸುತ್ತಿದ್ದ ಹೆಂಗಸೊಬ್ಬಳು ತಲೆದೂಗಿ 'ಚಕ್ರಪಾಣೀ' ಎಂದು ರಾಗ ಎಳೆದಳು. ನಾನು ಅರ್ಧ ಕಿಲೋ ಬೀನ್ಸ್ ತೆಗೆದುಕೊಂಡು ಬಂದೆ.

ಆರಾಧನಾಳನ್ನು ಕೂರಿಸಿಕೊಂಡು ಕೇಳಿದೆ. ಎಲ್ಲ ಬಾಯಿ ಬಿಟ್ಟಳು. ಮಂಗಳವಾರ ಮಧ್ಯಾಹ್ನದ ನಿನ್ನ ಭಜನೆ ಯೋಗಾನಂದನ ಮನೆಯ ಮಾಳಿಗೆಯಲ್ಲಿ ನಡೆಯುತ್ತಿತ್ತಂತೆ. ಬರುವ ಶನಿವಾರ ಬಸವನಗುಡಿಯ ಒಂದು ಸಭಾಂಗಣದಲ್ಲಿ ಆಲ್ಬಮ್ಮಿನ ಬಿಡುಗಡೆ, ನೀನು ಸ್ಟೇಜಿನ ಮೇಲೆ ಹಾಡಬೇಕಿತ್ತಂತೆ. 'ನಿಮಗೆ ಗೊತ್ತಾದ್ರೆ ಮದುವೇಲಿ ಮಾಡಿದ ಹಾಗೆ ಎದ್ದು ಹೋಗ್ಬಿಡ್ತೀರ ಅಂತ ಹೆದ್ರಿಕೊಂಡು ಅಜ್ಜಿ ಹೊರಟ್ಹೋದ್ರು ತಾತ. ಮಂಡಿಗೇನೂ ಆಗಿಲ್ಲ' ಎಂದು ಹೇಳಿ ಅತ್ತಳು. ನಮ್ಮ ಉರುಟಣೆಯ ದಿನ ನೀನು ನನ್ನ ಕೆನ್ನೆಗೆ ಅರಿಸಿನ ಹಚ್ಚುತ್ತ ಇದೇ ಹಾಡು ಹೇಳಿದೆ. ನನ್ನ ಕ್ಲಾಸಿನ ಹುಡುಗರು ಸಾಲಾಗಿ ನಿಂತು ಕಿಸಕ್ಕೆಂದರು. 'ಸಾಕು ನಿಲ್ಸಿ ಈ ಕೋತಿ ಆಟ' ಎಂದು ನಾನು ಎದ್ದು ಹೋದೆ. ಆಗ ನಿನಗೆ ಹತ್ತೊಂಬತ್ತು. ನನಗೆ ಬಂದದ್ದು ಕೋಪವಲ್ಲ, ನಾಚಿಕೆ. ಅದನ್ನು ಹೇಳಲೂ ನಾಚಿಕೆಯಾಯಿತು. ಅಂದಿನಿಂದ ನೀನು ನನ್ನೆದುರು ಬಾಯಿಬಿಟ್ಟು ಹಾಡಲಿಲ್ಲ, ನಾನೂ ಹಾಡು ಎನ್ನಲಿಲ್ಲ. ಹಾಲಿನವನಿಂದ ಹಿಡಿದು ಎಲ್ಲರನ್ನೂ ಅನುಮಾನಿಸಿದ ನನಗೆ, ನಿನಗೆ ನನ್ನ ಭಯ ಇರಬಹುದು ಎಂಬ ಅನುಮಾನ ಒಂದು ದಿನವೂ ಬರಲಿಲ್ಲ. ತಪ್ಪು ನನ್ನದು, ಭಾಗೀರಥಿ. ಆರಾಧನಾಗೆ ಕಾಫಿ ಮಾಡಿಕೊಟ್ಟೆ, ಕುಡಿದು ಕಾಲೇಜಿನ ಕೆಲಸ ಮಾಡಲು ಕೂತಳು.

ಆ ಯೋಗಾನಂದನ ಮೇಲೆ ನನಗೆ ಇನ್ನೂ ಅನುಮಾನ ಹೋಗಿಲ್ಲ. ವಾರಕ್ಕೆ ನಾಲ್ಕು ದಿನ ಬರುವವನು ಬರೀ ಡ್ರಮ್ಮಿನ ವಿಷಯಕ್ಕೆ ಬರುತ್ತಾನೆಯೇ? ನೀನು ಬಂದ ಮೇಲೆ ಇಬ್ಬರೂ ಕೂತು ವಿಚಾರಿಸೋಣ. ನಿನ್ನ ತಮ್ಮನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ ತಿಳಿಸು. ಸುಳ್ಳು ನೋವಿಗೆ ನಿಜವಾದ ಎಣ್ಣೆ ತಿಕ್ಕಿಸಿಕೊಂಡು ಚರ್ಮ ಕೆಡಿಸಿಕೊಳ್ಳಬೇಡ.

ಇಂತಿ ನಿನ್ನ,
ಚಕ್ರಪಾಣಿ
(ಹಾಡಿನಲ್ಲಿರುವವನೇ)

ಗೋಂದು ಹಚ್ಚುವ ಮೊದಲು ಇನ್ನೊಂದು ಮಾತು: ನಾನು ರಿಟೈರ್ ಆದ ಹೊಸತರಲ್ಲಿ, ಸಂಜೆ ವಾಕಿಂಗ್ ಮುಗಿಸಿ ಬಂದು ಗೇಟು ತೆಗೆದರೆ ಅದು ಕಿರ್ ಎನ್ನುತ್ತಿತ್ತು, ಅಡುಗೆಮನೆಯಲ್ಲಿ ನಿನ್ನ ಹಾಡು ನಿಂತುಹೋಗುತ್ತಿತ್ತು. ಅದಕ್ಕೇ ಅಂದಿನಿಂದ ತಿಂಗಳಿಗೊಂದು ಸಲ, ನಿನಗೆ ಕಾಣದ ಹಾಗೆ, ಗೇಟಿನ ಕೀಲುಗಳಿಗೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದೇನೆ. ಸದ್ದಿಲ್ಲದೆ ಒಳಗೆ ಬಂದು, ಕಿಟಕಿಯ ಪಕ್ಕ ನಿಂತು, ಹಾಡು ಮುಗಿದ ಮೇಲೆ ಕೆಮ್ಮುತ್ತಿದ್ದೆ. ಶುಕ್ರವಾರದ ಬಸ್ಸಿಗೆ ಬಂದುಬಿಡು. ಶನಿವಾರ ಮುಂದಿನ ಸಾಲಿನಲ್ಲೇ ಕೂರುತ್ತೇನೆ, ಏಳುವುದಿಲ್ಲ.