ಅಪ್ಪನನ್ನು ಕೂರಿಸಿದ್ದು

ಮಾರ್ಚ್ ೧೧, ಮಂಗಳವಾರ

ಇಪ್ಪತ್ತು ದಿನ ಅಪ್ಪನನ್ನು ಕುರ್ಚಿಗೆ ಅಂಟಿಸಿ ಕೂರಿಸಿದವನು ನಾನೇ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಆಸ್ಪತ್ರೆಯಿಂದ ಕಳಿಸುವಾಗ ದಿನಾ ನಡೆಸಿ ಅಂತ ನರ್ಸ್ ಹೇಳಿದ್ದಳು. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಪೈಪ್ ಕೆಲಸಕ್ಕೆ ಇಳಿದವನು, ನನಗೇ ಪಾಠವಾ? ನೀರು ಜೋರಾಗಿ ಹರಿದರೆ ಹಳೇ ಪೈಪ್ ಒಳಗೊಳಗೇ ಸವೆಯುತ್ತದೆ, ವಾಲ್ವ್ ಸಣ್ಣ ಮಾಡಿಡಬೇಕು. ಅಪ್ಪನ ರಕ್ತನಾಳವೂ ಹಾಗೇ ಅಂದುಕೊಂಡೆ. ಅಪ್ಪ ಗೇಟಿನವರೆಗೆ ಹೋದರೂ ಕೂಗಾಡಿದೆ.

ಇವತ್ತು ತಪಾಸಣೆಗೆ ಹೋದಾಗ ಡಾಕ್ಟರಮ್ಮನ ಮುಂದೆ ಇದನ್ನೇ ಜಂಬದಿಂದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಪೈಪಿಗೆ ಜೀವ ಇದೆಯೇನಪ್ಪಾ? ರಕ್ತನಾಳದ ಒಳಪದರಕ್ಕೆ ಇದೆ. ರಕ್ತ ಒಂದೇ ಸಮ ಹರೀತಾ ಅದನ್ನ ಸವರಿಕೊಂಡು ಹೋಗ್ತಿದ್ರೇನೇ ಅದು ಗಟ್ಟಿಯಾಗಿರೋದು. ತಿರುವಲ್ಲಿ, ಕವಲಲ್ಲಿ ಹರಿವು ಮಂದವಾಗಿ ಸುಳಿ ಸುತ್ತುತ್ತಲ್ಲ, ಕೊಬ್ಬು ಕೂರೋದು ಅಲ್ಲೇ. ನಡೆದ್ರೆ ಹರಿವು ಚೆನ್ನಾಗಿರುತ್ತೆ. ಹತ್ತು ನಿಮಿಷದಿಂದ ಶುರು ಮಾಡ್ಸು."

ಅಪ್ಪ ನಕ್ಕುಬಿಟ್ಟ. "ನಮ್ ಇಂಜಿನಿಯರ್ ಸಾಹೇಬ್ರು ನನ್ನ ಮೇನ್ ವಾಲ್ವೇ ಬಂದ್ ಮಾಡಿದ್ರು, ಮೇಡಂ."

ಮೈಯೆಲ್ಲ ಉರಿಯಿತು. ಅವನ ಮೇಲಲ್ಲ, ನನ್ನ ಮೇಲೇ.

ಬಸ್ ಸ್ಟಾಪಿನಿಂದ ಮನೆಗೆ ನಾಲ್ಕು ನಿಮಿಷದ ದಾರಿ. ಆಸ್ಪತ್ರೆಯಿಂದ ಬಂದ ದಿನ ಅಪ್ಪ ದಾರಿಯಲ್ಲಿ ಒಂದೇ ಸಲ ನಿಂತಿದ್ದ. ಇವತ್ತು ಮೂರು ಸಲ ಗೋಡೆ ಹಿಡಿದ. ಮೂರನೇ ಸಲ ನನಗೆ ತಡೆಯಲಾಗಲಿಲ್ಲ.

"ಬೈದುಬಿಡಪ್ಪಾ ಒಂದ್ಸಲ!"

"ನಡೆಯೋಕೇ ಉಸಿರು ಸಾಲ್ತಿಲ್ಲ ಕಣೋ, ಬೈಯೋಕೆ ಎಲ್ಲಿಂದ ತರ್ಲಿ?"

ನಾಳೆ ಆರಕ್ಕೆ ಎಬ್ಬಿಸುತ್ತೇನೆ. ನಾಳಿದ್ದೂ. ನನ್ನನ್ನು ನೆಟ್ಟಗೆ ಬೈಯುವಷ್ಟು ಉಸಿರು ಅವನಿಗೆ ಬರುವವರೆಗೆ ದಿನಾ ನಡೆಸುತ್ತೇನೆ.